ಗ್ಯಾಸ್ ಗೀಸರ್ ಮಧ್ಯದಲ್ಲೇ ಆಫ್ ಆಗುತ್ತಾ? ಮೆಕ್ಯಾನಿಕ್‌ಗೆ ಫೋನ್ ಮಾಡೋಕೆ ಮುಂಚೆ ಇದನ್ನ ಕೇಳಿ

ಈ ವಾರದ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.

ಇವತ್ತಿನ ವಿಷಯ ಗ್ಯಾಸ್ ಗೀಸರ್. ಆರ್‌ಟಿ ನಗರ, ಹೆಬ್ಬಾಳ, ಯಶವಂತಪುರ, ಯಲಹಂಕ ಕಡೆ ಬಾಡಿಗೆ ಮನೆಯಲ್ಲಿ ಇರೋರಿಗೆ ಇದನ್ನ ಪರಿಚಯ ಮಾಡಿಕೊಡೋದೇನೂ ಬೇಡ. ಗೋಡೆಗೆ ತಗುಲಿಸಿರೋ ಡಬ್ಬ, ಪಕ್ಕದಲ್ಲೊಂದು ಸಿಲಿಂಡರ್. ನಲ್ಲಿ ತಿರುಗಿಸಿದ್ರೆ ಟಕ್ ಟಕ್ ಟಕ್, ಆಮೇಲೆ ಬುಸ್ ಅಂತ ಉರಿ, ಅರ್ಧ ನಿಮಿಷದಲ್ಲಿ ಬಿಸಿನೀರು. ಕರೆಂಟ್ ಹೋದ್ರೂ ಚಿಂತೆ ಇಲ್ಲ.

ಕೆಟ್ಟಾಗ ಮಾತ್ರ ತಲೆನೋವು. ಇದರ ತೊಂದರೆಗಳಲ್ಲಿ ಬಹುಪಾಲು ನೀವೇ ಕಂಡುಹಿಡಿಯಬಹುದು. ಆದ್ರೆ ಒಂದು ತೊಂದರೆ ಬೇರೆ ಥರದ್ದು. ಅದನ್ನ 'ರಿಪೇರಿ' ಮಾಡಿಸಿದ್ರೆ ಜೀವಕ್ಕೇ ಅಪಾಯ. ಯಾವುದು ಯಾವುದು ಅಂತ ಒಂದೊಂದಾಗಿ ನೋಡೋಣ.

ಟಕ್ ಟಕ್ ಸದ್ದೇ ಬರ್ತಿಲ್ಲ

ಮೊದಲು ಸೆಲ್ ನೋಡಿ. ಗೀಸರ್‌ನ ತಳಭಾಗದಲ್ಲಿ ಎರಡು ದಪ್ಪ ಟಾರ್ಚ್ ಸೆಲ್ ಇರುತ್ತೆ, ಒಂದೊಂದು 1.5 ವೋಲ್ಟ್. ಬಚ್ಚಲಿನ ತೇವಕ್ಕೆ ತುದಿಯಲ್ಲಿ ತುಕ್ಕು ಹಿಡಿದಿರಬಹುದು, ಒರೆಸಿ. ಹಾಕೋದಾದ್ರೆ ಎರಡನ್ನೂ ಹೊಸದೇ ಹಾಕಿ. ಒಂದು ಹೊಸದು ಒಂದು ಹಳೇದು ಬೇಡ. ರೀಚಾರ್ಜ್ ಮಾಡೋ ಸೆಲ್ 1.2 ವೋಲ್ಟ್ ಮಾತ್ರ ಕೊಡುತ್ತೆ, ಇಲ್ಲಿ ಅದು ಸಾಕಾಗಲ್ಲ.

ಸೆಲ್ ಸರಿಯಿದ್ದೂ ಸದ್ದಿಲ್ವಾ? ಹಾಗಾದ್ರೆ ನೀರಿನ ಒತ್ತಡ. ಗೀಸರ್ ಒಳಗೆ ಒಂದು ರಬ್ಬರ್ ಪೊರೆ ಇರುತ್ತೆ. ನೀರು ರಭಸವಾಗಿ ಬಂದು ಅದನ್ನ ತಳ್ಳಿದ್ರೆ ಮಾತ್ರ ಕಿಡಿ, ಗ್ಯಾಸ್ ಎರಡೂ ಶುರು. ನೀರಿಲ್ಲದೆ ಉರಿ ಹತ್ತಬಾರದು ಅಂತಲೇ ಈ ಏರ್ಪಾಡು. ಸಾಮಾನ್ಯವಾಗಿ ನಿಮಿಷಕ್ಕೆ ಎರಡೂವರೆ, ಮೂರು ಲೀಟರ್ ಆದ್ರೂ ಹರೀಬೇಕು. ಪರೀಕ್ಷೆ ಸುಲಭ: ಮೊಬೈಲ್‌ನಲ್ಲಿ ಒಂದು ನಿಮಿಷ ಟೈಮರ್ ಇಟ್ಟು, ಬಕೆಟ್‌ಗೆ ಎಷ್ಟು ನೀರು ಬಿತ್ತು ಅಂತ ಅಳೆದು ನೋಡಿ.

ಇಲ್ಲೊಂದು ಲೆಕ್ಕ ಇದೆ. ಟ್ಯಾಂಕ್ 10 ಮೀಟರ್ ಮೇಲಿದ್ರೆ ಸುಮಾರು 1 ಬಾರ್ ಒತ್ತಡ ಸಿಗುತ್ತೆ. ಗ್ರೌಂಡ್ ಫ್ಲೋರ್‌ನವರಿಗೆ ಪರವಾಗಿಲ್ಲ. ಟೆರೇಸ್ ಕೆಳಗಿನ ಮನೆಯವರಿಗೆ ಟ್ಯಾಂಕ್ ಇರೋದೇ ತಲೆಯಿಂದ ಒಂದೂವರೆ, ಎರಡು ಮೀಟರ್ ಮೇಲೆ. ಒತ್ತಡ ಅದರ ಐದರಲ್ಲೊಂದು ಭಾಗಕ್ಕೂ ಕಷ್ಟ. ಅದಕ್ಕೇ ಅದೇ ಗೀಸರ್ ಕೆಳಗಿನ ಮನೆಯಲ್ಲಿ ಕೆಲಸ ಮಾಡುತ್ತೆ, ಮೇಲಿನ ಮನೆಯಲ್ಲಿ ಮುನಿಸಿಕೊಳ್ಳುತ್ತೆ. ಜೊತೆಗೆ ನಮ್ಮ ಬೋರ್‌ವೆಲ್ ನೀರಿನ ಉಪ್ಪು ಬೇರೆ. ನೀರು ಒಳಗೆ ಬರೋ ಜಾಗದ ಜಾಲರಿಯಲ್ಲಿ, ಶವರ್ ತೂತುಗಳಲ್ಲಿ ಬಿಳಿ ಕಲ್ಲು ಕಟ್ಟುತ್ತೆ. ಜಾಲರಿ ಬಿಚ್ಚಿ ತೊಳೆಯಿರಿ, ಶವರ್ ಬಿಟ್ಟು ನಲ್ಲಿಯಲ್ಲಿ ನೀರು ಹಿಡಿದು ನೋಡಿ. ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತೆ.

ಸದ್ದು ಬರುತ್ತೆ, ಉರಿ ಹತ್ತಲ್ಲ

ಸಿಲಿಂಡರ್ ಖಾಲಿನಾ? ರೆಗ್ಯುಲೇಟರ್ ಆನ್ ಇದ್ಯಾ? ಹೊಸ ಸಿಲಿಂಡರ್ ಹಾಕಿದ್ರೆ ಪೈಪ್‌ನಲ್ಲಿ ಗಾಳಿ ಸೇರಿರುತ್ತೆ, ಎರಡು ಮೂರು ಸಲ ನಲ್ಲಿ ತೆರೆದು ಮುಚ್ಚಿದ್ರೆ ಹತ್ತುತ್ತೆ. ನಿಮ್ಮ ಲೇಔಟ್‌ಗೆ ಪೈಪ್ ಗ್ಯಾಸ್ ಬಂದಿದ್ರೆ, ಸಿಲಿಂಡರ್‌ಗೆ ಅಂತ ಮಾಡಿದ ಗೀಸರನ್ನ ಅದಕ್ಕೆ ನೇರವಾಗಿ ಜೋಡಿಸೋ ಹಾಗಿಲ್ಲ. ಎರಡು ಅನಿಲಗಳೂ ಬೇರೆ, ಒಳಗಿನ ಜೆಟ್ ಬದಲಾಯಿಸಬೇಕು. ಅದು ಕಂಪನಿಯವರ ಕೆಲಸ.

ಗ್ಯಾಸ್ ವಾಸನೆ ಬಂತಾ? ಆಗ ಪರೀಕ್ಷೆ ಎಲ್ಲಾ ಬಂದ್. ಸ್ವಿಚ್ ಹಾಕಬೇಡಿ, ಆರಿಸಲೂಬೇಡಿ. ರೆಗ್ಯುಲೇಟರ್ ಆಫ್ ಮಾಡಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದಲ್ಲೇ ಕೂತಿರುತ್ತೆ. 'ಮೇಲೆ ವೆಂಟಿಲೇಟರ್ ಇದೆಯಲ್ಲಾ' ಅಂತ ಸುಮ್ಮನಿರಬೇಡಿ.

ಉರಿ ಹತ್ತುತ್ತೆ, ಮಧ್ಯದಲ್ಲಿ ಆರುತ್ತೆ

ಈಗ ಅಸಲಿ ವಿಷಯ. ಎಷ್ಟು ಹೊತ್ತಿಗೆ ಆರುತ್ತೆ ಅನ್ನೋದೇ ಇಲ್ಲಿ ಸುಳಿವು.

ಕೆಲವೇ ಸೆಕೆಂಡಿಗೆ ಆರಿದ್ರೆ ಸೆಲ್ ಸೊರಗಿದೆ ಅಥವಾ ಉರಿಯನ್ನ ಗಮನಿಸೋ ಸೆನ್ಸರ್ ಕಡ್ಡಿಗೆ ಮಸಿ ಹಿಡಿದಿದೆ. ಸರಿಯಾಗಿ 20 ನಿಮಿಷಕ್ಕೆ ಆರಿದ್ರೆ ಅದು ಕೆಟ್ಟಿರೋದೇ ಅಲ್ಲ. ಎಷ್ಟೋ ಮಾಡೆಲ್‌ಗಳಲ್ಲಿ ಸುರಕ್ಷತೆಗೆ ಅಂತ ಟೈಮರ್ ಇಟ್ಟಿರ್ತಾರೆ.

ಐದು ಹತ್ತು ನಿಮಿಷಕ್ಕೆ ಆರುತ್ತೆ, ಬಾಗಿಲು ತೆರೆದಿಟ್ರೆ ಮಾತ್ರ ಚೆನ್ನಾಗೇ ಉರಿಯುತ್ತೆ ಅಂತಾದ್ರೆ? ಗೀಸರ್‌ಗೆ ಏನೂ ಆಗಿಲ್ಲ. ನಿಮ್ಮ ಬಚ್ಚಲಲ್ಲಿ ಗಾಳಿ ಮುಗೀತಿದೆ. ಆಮ್ಲಜನಕ ಕಡಿಮೆ ಆದಾಗ ಆರಿಹೋಗೋ ರಕ್ಷಣೆ ಇರೋ ಗೀಸರ್ ಆದ್ರೆ, ಅದು ನಿಮ್ಮನ್ನ ಉಳಿಸೋಕೆ ತಾನೇ ಆರ್ತಿದೆ. ಇದನ್ನ ಪರೀಕ್ಷೆ ಮಾಡೋವಾಗ ಒಳಗೆ ಯಾರೂ ಇರಬಾರದು. ಬಾಗಿಲು, ಕಿಟಕಿ ಎರಡೂ ತೆರೆದಿಟ್ಟು, ಹೊರಗೆ ನಿಂತು ನೋಡಿ.

ಇಂಥ ಹೊತ್ತಲ್ಲೇ ಒಂದು ಮಾತು ಬರುತ್ತೆ: 'ಸೆನ್ಸರ್ ಬೈಪಾಸ್ ಮಾಡ್ಕೊಡ್ತೀನಿ ಸರ್, ಮತ್ತೆ ಆಫೇ ಆಗಲ್ಲ.' ಬೇಡ ಅನ್ನಿ. ಆಫ್ ಆಗದೇ ಇರೋದೇ ಇಲ್ಲಿ ಅಪಾಯ.

ಬಚ್ಚಲಿನ ಗಾಳಿಯ ಲೆಕ್ಕ

ನಾನು ಓದಿದ್ದು ಕಾಮರ್ಸ್, ಹಾಗಾಗಿ ಆಯ-ವ್ಯಯದ ಥರಾನೇ ನೋಡೋಣ.

ನಿಮಿಷಕ್ಕೆ 6 ಲೀಟರ್ ನೀರನ್ನ 25 ಡಿಗ್ರಿ ಬಿಸಿ ಮಾಡೋಕೆ, ಹತ್ತು ನಿಮಿಷಕ್ಕೆ ಸುಮಾರು 160 ಗ್ರಾಂ ಗ್ಯಾಸ್ ಬೇಕು. ಒಂದು ಕೆಜಿ ಗ್ಯಾಸ್ ಪೂರ್ತಿ ಉರಿಯೋಕೆ ಹದಿನೈದು ಕೆಜಿಗೂ ಹೆಚ್ಚು ಗಾಳಿ ಬೇಕು, ಅಂದ್ರೆ ಸುಮಾರು 13,000 ಲೀಟರ್. ಅಲ್ಲಿಗೆ ನಿಮ್ಮ ಹತ್ತು ನಿಮಿಷದ ಸ್ನಾನದ ಖರ್ಚು 2,000 ಲೀಟರ್ ಗಾಳಿ.

ಜಮಾ ಎಷ್ಟಿದೆ? 4 ಅಡಿ ಅಗಲ, 6 ಅಡಿ ಉದ್ದ, 8 ಅಡಿ ಎತ್ತರದ ಬಚ್ಚಲಲ್ಲಿ ಇರೋದೇ ಸುಮಾರು 5,400 ಲೀಟರ್. ಅಂದ್ರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಗಾಳಿಯ ಆಮ್ಲಜನಕ ಒಂದೇ ಸ್ನಾನಕ್ಕೆ ಖಾಲಿ. ಬಾಗಿಲ ಸಂದಿಯಿಂದ ಸ್ವಲ್ಪ ಬರುತ್ತೆ ನಿಜ, ಆದ್ರೆ ಖರ್ಚಿನಷ್ಟು ಬರಲ್ಲ. ಚಳಿಗಾಲದಲ್ಲಿ ಇರೋ ಒಂದು ಕಿಟಕಿಯನ್ನೂ ಮುಚ್ಚಿರ್ತೀವಿ. ಒಬ್ಬರ ಹಿಂದೆ ಒಬ್ಬರು ಸ್ನಾನಕ್ಕೆ ಹೋದ್ರೆ ಎರಡನೆಯವರಿಗೆ ಸಿಗೋದು ಮೊದಲನೆಯವರು ಬಿಟ್ಟುಹೋದ ಗಾಳಿ.

ಗಾಳಿ ಸಾಲದೇ ಹೋದಾಗ ಗ್ಯಾಸ್ ಅರೆಬರೆ ಉರಿಯುತ್ತೆ, ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ಸಿಲಿಂಡರ್ ಗ್ಯಾಸ್ ಸೋರಿದ್ರೆ ಮೂಗಿಗೆ ಗೊತ್ತಾಗಲಿ ಅಂತಲೇ ಅದಕ್ಕೆ ವಾಸನೆ ಬೆರೆಸಿರ್ತಾರೆ. ಇದಕ್ಕೆ ಅದೂ ಇಲ್ಲ. ಅಜ್ಜಿ ಮನೆಯ ಹಂಡೆ ಒಲೆ ನೆನಪಿದ್ರೆ, ಅಲ್ಲಿ ಹೊಗೆ ತುಂಬಿದ್ರೆ ಕಣ್ಣು ಉರಿದು, ಕೆಮ್ಮು ಬಂದು ನಾವೇ ಹೊರಗೆ ಓಡ್ತಿದ್ವಿ. ಇಲ್ಲಿ ಓಡಿಸೋಕೆ ಏನೂ ಇಲ್ಲ. ಕಾರ್ಬನ್ ಮೊನಾಕ್ಸೈಡ್ ರಕ್ತದ ಹಿಮೋಗ್ಲೋಬಿನನ್ನ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಹಿಡ್ಕೊಳ್ಳುತ್ತೆ. ಮೊದಲು ತಲೆನೋವು, ವಾಕರಿಕೆ, ತಲೆಸುತ್ತು. ಆಮೇಲೆ ಕಾಲಲ್ಲಿ ಬಲ ಇರಲ್ಲ. ಚಿಲಕ ಎರಡು ಅಡಿ ದೂರದಲ್ಲಿದ್ರೂ ಕೈ ಹೋಗಲ್ಲ.

2023ರ ಜೂನ್‌ನಲ್ಲಿ ಯಲಹಂಕದ ಆಚೆ, ಚಿಕ್ಕಜಾಲ ಪೊಲೀಸ್ ಠಾಣೆ ವ್ಯಾಪ್ತಿಯ ಒಂದು ಬಾಡಿಗೆ ಮನೆಯಲ್ಲಿ ಇಬ್ಬರು ಯುವಜನ ಸ್ನಾನದ ಮನೆಯಲ್ಲೇ ತೀರಿಕೊಂಡಿದ್ದು ಸುದ್ದಿಯಾಗಿತ್ತು. ಗ್ಯಾಸ್ ಗೀಸರ್‌ನ ವಿಷಾನಿಲವೇ ಕಾರಣ ಅಂತ ಆಗ ವರದಿಯಾಯ್ತು. ನಮ್ಮ ನಿಮ್ಮ ವಯಸ್ಸಿನೋರು, ನಮ್ಮ ನಿಮ್ಮಂಥದ್ದೇ ಮನೆ.

ಹಾಗಾದ್ರೆ ಏನ್ ಮಾಡೋದು?

ಸರಿಯಾದ ಪರಿಹಾರ ಒಂದೇ: ಗೀಸರ್ ಬಚ್ಚಲ ಹೊರಗಿರಬೇಕು. ಯುಟಿಲಿಟಿ, ಬಾಲ್ಕನಿ, ಗಾಳಿ ಓಡಾಡೋ ಯಾವ ಜಾಗ ಆದ್ರೂ ಸರಿ. ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ. ಓನರ್ ಜೊತೆ ಮಾತಾಡಿ. 'ಪೈಪ್ ಹತ್ತು ಅಡಿ ಜಾಸ್ತಿ, ಒಂದು ದಿನದ ಪ್ಲಂಬರ್ ಕೂಲಿ, ಅಷ್ಟೇ ಸರ್' ಅಂತ ಹೇಳಿ. ಅಡ್ವಾನ್ಸ್ ಕೊಡೋಕೆ ಮುಂಚೆ ಮನೆ ನೋಡುವಾಗಲೇ ಕೇಳಿದ್ರೆ ಇನ್ನೂ ಒಳ್ಳೇದು.

ಎಕ್ಸಾಸ್ಟ್ ಫ್ಯಾನ್ ಇದೆ, ಸಾಕಲ್ವಾ ಅಂತ ಕೆಲವರು ಕೇಳ್ತಾರೆ. ಸಾಕಾಗಲ್ಲ. ಹೊರಗಿನಿಂದ ಗಾಳಿ ಬರೋಕೆ ದಾರಿ ಇಲ್ದಿದ್ರೆ ಫ್ಯಾನ್ ಎಳೆಯೋದಾದ್ರೂ ಏನನ್ನ?

ಕ್ಯಾಂಪರ್ ವ್ಯಾನ್ ಕಟ್ಟಿಸೋ ಆಸೆ ಇರೋರಿಗೂ ಇದೇ ಮಾತು. ಮೋಟರ್‌ಹೋಮ್‌ಗೆ ಅಂತಲೇ ಮಾಡೋ ಗ್ಯಾಸ್ ಹೀಟರ್‌ಗಳು ಗಾಡಿಯ ಗೋಡೆಯಾಚೆಯಿಂದಲೇ ಗಾಳಿ ಎಳೆದುಕೊಂಡು ಹೊಗೆಯನ್ನೂ ಆಚೆಗೇ ಬಿಡ್ತವೆ. ಮನೆಯ ಗೀಸರ್ ಹಾಗಲ್ಲ. ಅಗ್ಗ ಅಂತ ಅದನ್ನೇ ಟೆಂಪೋ ಟ್ರಾವೆಲರ್ ಒಳಗೆ ಕೂರಿಸಿದ್ರೆ, ಬಚ್ಚಲಿನ ಲೆಕ್ಕ ಮಲಗೋ ಜಾಗಕ್ಕೂ ಬರುತ್ತೆ.

ಓನರ್ ಒಪ್ಪೋವರೆಗೆ ಏನು ಗತಿ? ನಮ್ಮ ಹಳೇ ಬಕೆಟ್, ಚೊಂಬು. ಬಾಗಿಲು ಕಿಟಕಿ ತೆರೆದಿಟ್ಟು 18 ಲೀಟರ್ ಬಕೆಟ್ ತುಂಬಿಸಿ. ಮೂರು ನಿಮಿಷ ಸಾಕು. ಗೀಸರ್ ಆರಿಸಿ, ರೆಗ್ಯುಲೇಟರ್ ಮುಚ್ಚಿ, ಸ್ವಲ್ಪ ಹೊತ್ತು ಗಾಳಿ ಆಡಲಿ. ಆಮೇಲೆ ಒಳಗೆ ಹೋಗಿ ಸ್ನಾನ ಮಾಡಿ. ಉರಿಯೋ ಗೀಸರ್ ಕೆಳಗೆ ಬಾಗಿಲು ಹಾಕ್ಕೊಂಡು ನಿಲ್ಲಬೇಡಿ.

ಉರಿಯ ಬಣ್ಣವನ್ನೂ ಆಗಾಗ ನೋಡ್ತಿರಿ. ನೀಲಿ ಇದ್ರೆ ಸರಿ. ಹಳದಿಗೆ ತಿರುಗಿದ್ರೆ, ಗೀಸರ್ ಮೇಲ್ಭಾಗದಲ್ಲಿ ಮಸಿ ಕಂಡ್ರೆ ಅವತ್ತಿಂದಲೇ ಬಳಸೋದು ನಿಲ್ಲಿಸಿ. ಆದ್ರೆ ನೀಲಿ ಇದೆ ಅಂತ ಬಾಗಿಲು ಮುಚ್ಚಬೇಡಿ. ಅಲಾರಂ ಕೊಳ್ಳೋದಾದ್ರೆ ಕಾರ್ಬನ್ ಮೊನಾಕ್ಸೈಡ್‌ದೇ ಕೇಳಿ ತಗೊಳ್ಳಿ. ಅಡುಗೆ ಗ್ಯಾಸ್ ಸೋರಿಕೆಯ ಅಲಾರಂ ಬೇರೆ.

ಸ್ನಾನಕ್ಕೆ ಹೋದೋರು ಕೂಗಿದ್ರೂ ಓಗೊಡ್ತಿಲ್ಲ ಅಂದ್ರೆ ಕಾಯಬೇಡಿ. ಸಿಲಿಂಡರ್ ಆಫ್ ಮಾಡಿ, ಬಾಗಿಲು ಒಡೆದು ಹೊರಗಿನ ಗಾಳಿಗೆ ಎಳ್ಕೊಂಡು ಬನ್ನಿ. ನೀವೂ ಒಳಗೆ ನಿಲ್ಲಬೇಡಿ. 108ಕ್ಕೆ ಫೋನ್ ಮಾಡಿ, ಆಸ್ಪತ್ರೆಯಲ್ಲಿ ಮೊದಲ ಮಾತೇ 'ಗ್ಯಾಸ್ ಗೀಸರ್' ಅಂತಿರಲಿ. ಕೋವಿಡ್ ಕಾಲದಲ್ಲಿ ತಗೊಂಡ ಬೆರಳಿನ ಆಕ್ಸಿಮೀಟರ್ ನಂಬಿ ಕೂರಬೇಡಿ. ಕಾರ್ಬನ್ ಮೊನಾಕ್ಸೈಡ್ ಹಿಡಿದ ರಕ್ತವನ್ನೂ ಅದು ಆಮ್ಲಜನಕ ಇರೋ ರಕ್ತ ಅಂತಲೇ ಓದುತ್ತೆ. 98 ತೋರಿಸಿದ್ರೂ ಆಸ್ಪತ್ರೆಗೆ ಹೋಗಲೇಬೇಕು.

ಇವತ್ತಿಗೆ ಇಷ್ಟು. ರೂಮ್‌ಮೇಟ್ಸ್ ಗ್ರೂಪ್‌ಗೆ, ಈಗಷ್ಟೇ ಮನೆ ಹುಡುಕ್ತಿರೋ ಫ್ರೆಂಡ್ಸ್‌ಗೆ ಈ ಸಂಚಿಕೆ ಕಳಿಸಿ. ನಿಮ್ಮ ಗೀಸರ್ ಬಚ್ಚಲ ಒಳಗಿದ್ಯಾ, ಹೊರಗಿದ್ಯಾ? ಓನರ್ ಏನಂದ್ರು? ವಾಯ್ಸ್ ಮೆಸೇಜ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಮಾತಾಡೋಣ.