ಲೈನು ನೋಡಿ ಲಾಡ್ಜು ಹಿಡಿಯಿರಿ

ಬೇಸಿಗೆ ರಜೆ ಶುರುವಾದರೆ ಮುಂಬೈ ಕನ್ನಡಿಗರ ಮನೆಗಳಿಗೆ ಊರಿನಿಂದ ಫೋನು ಬರತೊಡಗುತ್ತದೆ. ‘ಮಕ್ಕಳಿಗೆ ಇಮ್ಯಾಜಿಕಾ ತೋರಿಸಬೇಕು, ದಾದರ್ ಹತ್ತಿರ ಒಂದು ರೂಮು ನೋಡಿಡು ಮಾರಾಯ’ ಎಂಬ ಮಾತು ಅದರಲ್ಲಿ ಇದ್ದೇ ಇರುತ್ತದೆ. ದಾದರ್‌ನಲ್ಲಿ ರೂಮು ಸಿಗುತ್ತದೆ, ಆದರೆ ಇಮ್ಯಾಜಿಕಾ ಎಂಬ ಆ ಥೀಮ್ ಪಾರ್ಕ್ ಇರುವುದು ಮುಂಬೈಯಲ್ಲಲ್ಲ. ಅದು ರಾಯಗಡ ಜಿಲ್ಲೆಯ ಖಾಲಾಪುರ ತಾಲ್ಲೂಕಿನಲ್ಲಿ, ಖೋಪೋಲಿ-ಪಾಲಿ ರಸ್ತೆಯಲ್ಲಿದೆ. ಕರಾವಳಿ ಮೂಲದ ಮನಮೋಹನ ಶೆಟ್ಟಿಯವರು ಆ್ಯಡ್‌ಲ್ಯಾಬ್ಸ್ ಹೆಸರಿನಲ್ಲಿ ಅದನ್ನು ಕಟ್ಟಿಸಿದರು. 2013ರ ಏಪ್ರಿಲ್‌ನಲ್ಲಿ ಬಾಗಿಲು ತೆರೆಯಿತು, ಮರುವರ್ಷ ವಾಟರ್ ಪಾರ್ಕ್ ಸೇರಿಕೊಂಡಿತು. ಈಗ ಅದು ಮಾಲಪಾಣಿ ಸಮೂಹದ ಕೈಯಲ್ಲಿದೆ.

ದಾದರ್‌ನಿಂದ ಎಕ್ಸ್‌ಪ್ರೆಸ್‌ವೇ ಹಿಡಿದರೂ ಎರಡು ಗಂಟೆ ಬೇಕು. ಶನಿವಾರವಾದರೆ ಪುಣೆ, ಲೋನಾವಳಾಕ್ಕೆ ಹೊರಟ ಕಾರುಗಳ ಸಾಲಿನಲ್ಲಿ ಇನ್ನೂ ಹೆಚ್ಚು. ಸೆಂಟ್ರಲ್ ಲೈನಿನ ಲೋಕಲ್ ರೈಲಿನಲ್ಲಿ ಹೋಗುವುದಾದರೆ ಸಿಎಸ್‌ಎಂಟಿಯಿಂದ ಖೋಪೋಲಿಗೆ ನೇರ ಗಾಡಿಗಳು ಬೆರಳೆಣಿಕೆಯಷ್ಟೇ. ಉಳಿದ ಹೊತ್ತಿನಲ್ಲಿ ಕರ್ಜತ್‌ನಲ್ಲಿ ಇಳಿದು ಗಾಡಿ ಬದಲಿಸಬೇಕು, ಖೋಪೋಲಿಯಿಂದ ಮತ್ತೆ ರಿಕ್ಷಾ. ಟಿಕೆಟ್ ಇರುವುದು ಒಂದು ದಿನಕ್ಕೆ, ಅದರಲ್ಲಿ ನಾಲ್ಕೈದು ಗಂಟೆ ದಾರಿಯೇ ನುಂಗಿದರೆ ಮಕ್ಕಳಿಗೆ ಉಳಿಯುವುದೇನು? ಸಂಜೆ ನೀರಲ್ಲಿ ಆಡಿ ಸುಸ್ತಾದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಕರ್ಜತ್ ಪ್ಲಾಟ್‌ಫಾರ್ಮಿನಲ್ಲಿ ನಿಂತ ತಾಯಂದಿರನ್ನು ಕಂಡಾಗಲೆಲ್ಲ, ಇವರಿಗೆ ಯಾರಾದರೂ ಮೊದಲೇ ಹೇಳಬಾರದಿತ್ತೇ ಎಂದು ಸಂಕಟವಾಗುತ್ತದೆ.

ನನ್ನ ಸಲಹೆ ಇಷ್ಟೆ: ಪಾರ್ಕಿನ ದಿನದ ಹಿಂದಿನ ರಾತ್ರಿಯಾದರೂ ಪಾರ್ಕಿನ ಕಡೆ ಉಳಿಯಿರಿ. ಮಂಗಳೂರು, ಉಡುಪಿ, ಕಾರವಾರದಿಂದ ಮತ್ಸ್ಯಗಂಧ ರೈಲಿನಲ್ಲಿ ಬರುವವರು ಕುರ್ಲಾ ತನಕ ಹೋಗಿ ಹಿಂದಕ್ಕೆ ಬರುವ ಅಗತ್ಯವಿಲ್ಲ. ಗಾಡಿ ಪನ್ವೇಲ್‌ನಲ್ಲೇ ನಿಲ್ಲುತ್ತದೆ, ಅಲ್ಲಿ ಸಾಧಾರಣ ದರದ ಲಾಡ್ಜುಗಳಿವೆ. ಬೆಂಗಳೂರು, ಕಲಬುರಗಿ, ಹುಬ್ಬಳ್ಳಿ ಕಡೆಯವರ ರೈಲು ಹೇಗೂ ಪುಣೆ ದಾಟಿಯೇ ಬರುತ್ತದೆ. ನಿಮ್ಮ ಗಾಡಿಗೆ ಲೋನಾವಳಾ ನಿಲುಗಡೆ ಇದೆಯೇ ನೋಡಿಕೊಂಡು ಅಲ್ಲೇ ಇಳಿದರೆ ಘಾಟಿ ಇಳಿದ ಕೂಡಲೇ ಖೋಪೋಲಿ. ಆದರೆ ವಾರಾಂತ್ಯದಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಲೋನಾವಳಾದ ರೂಮು ದರ ಆಕಾಶಕ್ಕೇರುತ್ತದೆ. ವಾರದ ನಡುವೆ ಹೋಗುವುದೇ ಜಾಣತನ.

ಪಾರ್ಕಿಗೆ ಅಂಟಿಕೊಂಡೇ 287 ಕೋಣೆಗಳ ದೊಡ್ಡ ಹೋಟೆಲೂ ಇದೆ. ದುಬಾರಿ. ಪುಟ್ಟ ಮಕ್ಕಳು, ಮಂಡಿನೋವಿನ ಅಜ್ಜ-ಅಜ್ಜಿ ಜೊತೆಗಿದ್ದರೆ ಮಾತ್ರ ಆ ಖರ್ಚು ಸಾರ್ಥಕ: ಮಧ್ಯಾಹ್ನ ಅವರು ರೂಮಿಗೆ ಬಂದು ಮಲಗಬಹುದು. ಕಾಲೇಜು ಹುಡುಗರಿಗೆ ಖೋಪೋಲಿ ಪೇಟೆಯ ಲಾಡ್ಜು ಧಾರಾಳ ಸಾಕು. ಎಲ್ಲೇ ಇರಲಿ, ಬುಕ್ ಮಾಡುವಾಗ ಚೆಕ್‌ಔಟ್ ಮಧ್ಯಾಹ್ನ ಹನ್ನೆರಡಕ್ಕೋ, ಇಪ್ಪತ್ನಾಲ್ಕು ಗಂಟೆ ಲೆಕ್ಕವೋ ಎಂದು ಕೇಳಿ. ರಾತ್ರಿ ರೈಲಿನವರು ಬೆಳಿಗ್ಗೆ ಏಳಕ್ಕೇ ಬಾಗಿಲಲ್ಲಿ ನಿಂತಿರುತ್ತಾರೆ. ಒದ್ದೆ ಬಟ್ಟೆ ಒಣಹಾಕಲು ಜಾಗವಿದೆಯೇ ಎಂಬುದನ್ನೂ ವಿಚಾರಿಸಿ.

ಮುಂಬೈಯೊಳಗಿನ ವಾಟರ್ ಪಾರ್ಕ್, ಗೋರಾಯಿಯ ವಾಟರ್ ಕಿಂಗ್‌ಡಮ್ ಲೆಕ್ಕ ಬೇರೆ, ಅದು ವೆಸ್ಟರ್ನ್ ಲೈನು. 1989ರಲ್ಲಿ ಶುರುವಾಗಿ ಒಂದು ತಲೆಮಾರಿನ ಮಕ್ಕಳನ್ನು ನಗಿಸಿದ, ಅದರ ಪಕ್ಕದ ಮನೋರಂಜನಾ ಪಾರ್ಕ್ ಎಸ್ಸೆಲ್‌ವರ್ಲ್ಡ್ ಈಗ ಮುಚ್ಚಿದೆ, 1998ರ ವಾಟರ್ ಕಿಂಗ್‌ಡಮ್ ನಡೆಯುತ್ತಿದೆ. ಬೋರಿವಲಿಯ ಗೋರಾಯಿ ಜೆಟ್ಟಿಯಿಂದಲೋ ಮಲಾಡ್‌ನ ಮಾರ್ವೆಯಿಂದಲೋ ಖಾಡಿ ದಾಟಬೇಕು. ಇಲ್ಲವಾದರೆ ಭಾಯಂದರ್ ಸುತ್ತಿ ಉತ್ತನ್ ರಸ್ತೆ. ಬೋರಿವಲಿ, ಮೀರಾರೋಡ್ ಕಡೆ ಉಳಿದವರಿಗೆ ಇದು ಸಲೀಸು, ಡೊಂಬಿವಲಿಯವರಿಗೆ ದೂರ.

ನೆಂಟರ ಮನೆಯಲ್ಲಿ ಉಳಿಯುವವರಿಗೂ ಇದೇ ಲೆಕ್ಕ. ಡೊಂಬಿವಲಿಯ ಚಿಕ್ಕಮ್ಮನ ಮನೆಯಿಂದ ಖೋಪೋಲಿ ಅದೇ ಸೆಂಟ್ರಲ್ ಲೈನಿನಲ್ಲಿದೆ, ಬೆಳಿಗ್ಗೆ ಜನಜಂಗುಳಿ ಮುಂಬೈ ಕಡೆಗಿರುವುದರಿಂದ ನಿಮಗೆ ಕೂರಲು ಸೀಟೂ ಸಿಕ್ಕೀತು. ಒಂದು ಕೋಣೆಯ ಮನೆಯಾದರೆ ಮಾತ್ರ ಮೊದಲೇ ಕೇಳಿಕೊಳ್ಳಿ. ಪ್ರೀತಿಯಿಂದ ‘ಬನ್ನಿ’ ಎಂದವರೂ ಬೆಳಗ್ಗಿನ ಗಾಡಿ ಹಿಡಿದು ಕೆಲಸಕ್ಕೆ ಓಡಬೇಕಾದವರೇ.

ಪಾರ್ಕು ಮುಗಿಸಿ ನಗರ ನೋಡುವ ದಿನಗಳಿಗೆ ಮಾಟುಂಗ, ದಾದರ್ ಸುತ್ತಮುತ್ತ ಬಂದುಬಿಡಿ. ಸೆಂಟ್ರಲ್, ವೆಸ್ಟರ್ನ್ ಎರಡೂ ಲೈನು ಕೈಗೆಟುಕುತ್ತವೆ, ಊಟಕ್ಕೆ 1942ರಿಂದ ನಡೆದುಬಂದ ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ. ರೂಮು ಹುಡುಕುವ ಮೊದಲು ಯಾವ ದಿನ ಎಲ್ಲಿ ಎಂದು ಬರೆದುಕೊಂಡು, ಆಮೇಲೆ ಮುಂಬೈಯ ನಂಟರಿಗೆ ಫೋನು ಮಾಡಿ.