ನಿಮಗಿದು ಗೊತ್ತೆ? ತಂಡ ಕೈಬಿಟ್ಟರೂ ಸಂಬಳ ತಪ್ಪದು
ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್‌ನಲ್ಲಿ ಖಾತರಿ ಒಪ್ಪಂದವಿದ್ದರೆ, ಆಟಗಾರನನ್ನು ಕೈಬಿಟ್ಟ ತಂಡವೂ ಬಾಕಿ ಹಣ ಕೊಡಲೇಬೇಕು. ಬಾಕಿ ಉಳಿದ ವರ್ಷಗಳನ್ನು ಇಮ್ಮಡಿಗೊಳಿಸಿ ಒಂದು ಸೇರಿಸಿದರೆ ಎಷ್ಟೋ, ಅಷ್ಟು ವರ್ಷಗಳಿಗೆ ಕಂತು ಹಂಚಬಹುದು. 2025ರ ಜುಲೈನಲ್ಲಿ ಮಿಲ್ವಾಕಿ ಬಕ್ಸ್ ತಂಡ ಗಾಯಾಳು ಡೇಮಿಯನ್ ಲಿಲಾರ್ಡ್ ಅವರನ್ನು ಬಿಟ್ಟಿತು. ಎರಡು ವರ್ಷಗಳ ಬಾಕಿ ಸುಮಾರು 11.3 ಕೋಟಿ ಡಾಲರ್, ಹಂಚಿದ್ದು ಐದು ವರ್ಷಕ್ಕೆ! ಅದೇ ತಿಂಗಳು ಅವರು ಹಳೆಯ ತಂಡ ಪೋರ್ಟ್‌ಲ್ಯಾಂಡ್ ಸೇರಿದರು. ಅಲ್ಲಿನ ಸಂಬಳ ಬೇರೆ. ಗಾಯಗೊಂಡ ಆಟಗಾರನಿಗೆ ಇದಕ್ಕಿಂತ ದೊಡ್ಡ ಆಸರೆ ಯಾವುದಿದೆ?

ಬೀದರ್, ಭಾಲ್ಕಿ, ಔರಾದ್‌ನಲ್ಲಿ ನಾವು ಮುಗಿಬಿದ್ದು ನೋಡುವ ಐಪಿಎಲ್‌ನಲ್ಲಿ ಹಾಗಿಲ್ಲ. ಕನ್ನಡಿಗ ಮಯಂಕ್ ಅಗರ್ವಾಲ್ ಅವರನ್ನು ಪಂಜಾಬ್ ಕಿಂಗ್ಸ್ 12 ಕೋಟಿ ರೂಪಾಯಿಗೆ ಉಳಿಸಿಕೊಂಡಿತ್ತು. 2022ರ ನವೆಂಬರ್‌ನಲ್ಲಿ ಬಿಟ್ಟಾಗ ಆ ದರ ಅಲ್ಲಿಗೇ ಮುಗಿಯಿತು. ಡಿಸೆಂಬರ್ ಹರಾಜಿನಲ್ಲಿ ಸನ್‌ರೈಸರ್ಸ್ ಹೈದರಾಬಾದ್ ಅವರನ್ನು ಕೊಂಡಿದ್ದು 8.25 ಕೋಟಿಗೆ.