ಒಸಡಿನ ಆರೋಗ್ಯಕ್ಕೆ ಹಲ್ಲುಸಂದಿನ ಶುದ್ಧಿ

ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಒಸರಿದರೆ ನಮ್ಮಲ್ಲಿ ಅನೇಕರು ಆ ಭಾಗಕ್ಕೆ ಬ್ರಷ್ ತಾಗಿಸುವುದನ್ನೇ ಬಿಟ್ಟುಬಿಡುತ್ತಾರೆ. ನೊಂದ ಜಾಗಕ್ಕೆ ವಿಶ್ರಾಂತಿ ಬೇಕೆಂಬ ಭಾವನೆ ಸಹಜವೇ. ಆದರೆ ಒಸಡಿನ ವಿಷಯದಲ್ಲಿ ಅದರಿಂದ ಹಾನಿಯೇ ಹೆಚ್ಚು. ಏಕೆಂದರೆ ಬಹುಪಾಲು ಸಂದರ್ಭಗಳಲ್ಲಿ ಆ ರಕ್ತಕ್ಕೆ ಕಾರಣ ಅಲ್ಲಿ ಶುಚಿಯಾಗದೆ ಉಳಿದ ಕೊಳೆ.

ಹಲ್ಲಿನ ಮೇಲೆ ಪ್ರತಿದಿನವೂ ಸೂಕ್ಷ್ಮಾಣುಗಳ ತೆಳುವಾದ ಅಂಟುಪದರವೊಂದು ಕಟ್ಟಿಕೊಳ್ಳುತ್ತದೆ. ಬ್ರಷ್ಷಿನ ಎಳೆಗಳು ಹಲ್ಲಿನ ಹೊರಮೈ, ಒಳಮೈ ಮತ್ತು ಜಗಿಯುವ ಮೈಗಳನ್ನು ತಲುಪುತ್ತವೆ. ಎರಡು ಹಲ್ಲುಗಳು ಒತ್ತಿ ನಿಂತ ಸಂದನ್ನು ಸರಿಯಾಗಿ ತಲುಪಲಾರವು. ಅಲ್ಲುಳಿದ ಪದರದಿಂದ ಒಸಡು ಕೆಂಪೇರಿ ಊದಿಕೊಂಡು, ತುಸು ತಾಗಿದರೂ ರಕ್ತ ಸ್ರವಿಸುತ್ತದೆ. ಇದೇ ಒಸಡಿನ ಉರಿಯೂತ. ಉಪೇಕ್ಷಿಸಿದರೆ ಕೆಲವರಲ್ಲಿ ಇದು ಹಲ್ಲನ್ನು ಹಿಡಿದಿರುವ ಎಲುಬಿಗೂ ಇಳಿದು ಹಲ್ಲು ಸಡಿಲಗೊಳ್ಳುತ್ತದೆ. ಸವೆದ ಎಲುಬು ತಾನಾಗಿ ಮರಳದು. ಮಧುಮೇಹಿಗಳಿಗೂ ಧೂಮಪಾನಿಗಳಿಗೂ ಈ ಅಪಾಯ ಅಧಿಕ.

ಆರಂಭದ ಉರಿಯೂತವಾದರೋ ಶುಚಿತ್ವದಿಂದಲೇ ಶಮನವಾಗುತ್ತದೆ. ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ನಡೆಸಿ 1965ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರೋಗ್ಯವಂತ ಒಸಡುಗಳಿದ್ದ 12 ಜನರು ಹಲ್ಲು ಶುಚಿಗೊಳಿಸುವುದನ್ನು ನಿಲ್ಲಿಸಿದರು. ಸುಮಾರು ಮೂರು ವಾರಗಳೊಳಗೆ ಎಲ್ಲರಿಗೂ ಉರಿಯೂತ ಕಾಣಿಸಿತು. ಮತ್ತೆ ಶುಚಿಗೊಳಿಸತೊಡಗಿದಾಗ ಸುಮಾರು ಒಂದು ವಾರದಲ್ಲಿ ಇಳಿಯಿತು. ಬ್ರಷ್ಷಿನ ಜೊತೆಗೆ ದಾರವನ್ನಾಗಲಿ ಸಂದಿನ ಬ್ರಷ್ಷನ್ನಾಗಲಿ ಬಳಸಿದರೆ ಉರಿಯೂತ ಇನ್ನಷ್ಟು ತಗ್ಗಬಹುದೆಂದು, 35 ಪ್ರಯೋಗಗಳನ್ನು ಪರಿಶೀಲಿಸಿದ 2019ರ ಕಾಕ್ರೇನ್ ವಿಮರ್ಶೆ ಹೇಳಿದೆ. ಆಧಾರಗಳು ಇನ್ನೂ ಬಲಗೊಳ್ಳಬೇಕೆಂಬುದನ್ನೂ ಅದು ಮರೆಮಾಚಿಲ್ಲ.

ಪುತ್ತೂರು, ಸುಳ್ಯ, ಕಡಬ ಅಡಿಕೆಯ ನಾಡು. ಅತಿಥಿಯ ಮುಂದೆ ಎಲೆಯಡಿಕೆಯ ಹರಿವಾಣವಿಡುವುದು ನಮ್ಮ ಹಿರಿಯರ ಮರ್ಯಾದೆ. ಆದರೆ ತಾಂಬೂಲ ಮೆಲ್ಲುವವರ ಉಗುಳು ಮೊದಲೇ ಕೆಂಪಾಗಿರುವುದರಿಂದ ಒಸಡಿನ ರಕ್ತ ಕಣ್ಣಿಗೆ ಬೀಳುವುದಿಲ್ಲ. ಸಂದಿನಲ್ಲಿ ಸಿಕ್ಕ ಅಡಿಕೆಯ ನಾರನ್ನು ಹಿಡಿಸೂಡಿ ಕಡ್ಡಿಯಿಂದಲೋ ಪಿನ್ನಿನಿಂದಲೋ ಕೆದಕುವುದರಿಂದ ಒಸಡಿಗೆ ಗಾಯವಾಗುತ್ತದೆ. ಅಡಿಕೆ ಜಗಿಯುವುದರಿಂದ ಬಾಯಿಯ ಕ್ಯಾನ್ಸರ್ ಬರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವೂ 2004ರಲ್ಲಿ ಸ್ಪಷ್ಟಪಡಿಸಿದೆ. ಬೆಳೆಯನ್ನು ನಂಬಿ ಬಾಳುವ ನಾವು ಈ ಮಾತನ್ನು ಕೇಳದವರಂತೆ ಇರುವುದು ತರವಲ್ಲ.

ಸಂದು ಬಿಗಿಯಾಗಿದ್ದರೆ ಹಲ್ಲುದಾರ ಸೂಕ್ತ. ಸುಮಾರು 45 ಸೆಂಟಿಮೀಟರ್ ದಾರವನ್ನು ಎರಡೂ ಕೈಗಳ ನಡುಬೆರಳಿಗೆ ಸುತ್ತಿ, ನಡುವಿನ ಚಿಕ್ಕ ಭಾಗವನ್ನು ಮೆಲ್ಲನೆ ಸಂದಿಗೆ ಇಳಿಸಬೇಕು. ಒಂದೊಂದು ಹಲ್ಲನ್ನೂ ಬಳಸಿ ಹಿಡಿದು ಮೇಲೆ ಕೆಳಗೆ ಉಜ್ಜಬೇಕು. ಒಸಡಿಗೆ ಹೊಡೆಯುವಂತೆ ಎಳೆಯಬಾರದು. ಸಂದು ಅಗಲವಿದ್ದರೆ ಸಂದಿನ ಸಣ್ಣ ಬ್ರಷ್ ಒಳ್ಳೆಯದು. ಒತ್ತಾಯವಿಲ್ಲದೆ ಒಳಹೋಗುವ ಅಳತೆಯದನ್ನೇ ಆರಿಸಿಕೊಳ್ಳಬೇಕು. ರಾತ್ರಿ ಮಲಗುವ ಮುನ್ನ ದಿನಕ್ಕೊಮ್ಮೆ ಮಾಡಿದರೆ ಸಾಕು. ಮೊದಲ ಕೆಲವು ದಿನ ತುಸು ರಕ್ತ ಬಂದರೆ ನಿಲ್ಲಿಸಬೇಡಿ.

ಎರಡು ವಾರಗಳಾದರೂ ರಕ್ತ ನಿಲ್ಲದಿದ್ದರೆ, ಹಲ್ಲು ಅಲುಗಿದರೆ, ಕೀವು ಕಂಡರೆ, ಬಾಯಿ ತೆರೆಯಲು ಬಿಗಿಯಾದರೆ ಅಥವಾ ಬಾಯೊಳಗೆ ಬಿಳಿಮಚ್ಚೆ ಮೂಡಿದರೆ ದಂತವೈದ್ಯರನ್ನು ಕಾಣಲೇಬೇಕು. ಗಟ್ಟಿಯಾದ ಕಿಟ್ಟವನ್ನು ದಾರ ತೆಗೆಯಲಾರದು; ಅದು ವೈದ್ಯರ ಕೆಲಸ. ಸುಳ್ಯದಲ್ಲಿಯೇ ಕೆ.ವಿ.ಜಿ. ದಂತ ಮಹಾವಿದ್ಯಾಲಯ ಮತ್ತು ಆಸ್ಪತ್ರೆ ಇರುವುದು ನಮ್ಮ ಮೂರೂ ತಾಲೂಕುಗಳಿಗೆ ಅನುಕೂಲ. ಮನೆಯ ಹಿರಿಯರ ಒಸಡನ್ನು ಕಿರಿಯರು ಒಮ್ಮೆ ಬೆಳಕಿನಲ್ಲಿ ನೋಡಬೇಕೆಂದು ಸದ್ಭಕ್ತರಲ್ಲಿ ನಮ್ಮ ವಿನಂತಿ.